ಆರ್ಮಿ ಆಫ್ ದಿ ಡೆಡ್: ಮಳೆಯೇ ಬಾರದ ಜಾಂಬಿ ಸಿನಿಮಾ

ಜಾಂಬಿಗಳು, ಅಂದರೆ ಸತ್ತ ಮೇಲೂ ಎದ್ದು ಓಡಾಡುವ ಹೆಣಗಳು, ತುಂಬಿರುವ ಲಾಸ್ ವೇಗಸ್‌ನ ಸುತ್ತ ಕಟ್ಟಿದ ಗೋಡೆ ದಾಟಿ ಒಳಗೆ ಕಾಲಿಟ್ಟ ಮೇಲೆ ದಾರಿ ತೋರಿಸುವ ಹೆಂಗಸು ಒಂದು ಮಾತು ಹೇಳುತ್ತಾಳೆ: ಬಿಸಿಲಿಗೆ ಒಣಗಿ ಕೊರಡಾಗಿ ಬಿದ್ದಿರುವ ಈ ಹೆಣಗಳು ಪೂರ್ತಿ ಸತ್ತಿಲ್ಲ, ಮಳೆ ಬಿದ್ದರೆ ಕೆಲವು ಗಂಟೆ ಮತ್ತೆ ಏಳುತ್ತವೆ. ಸಕಲೇಶಪುರದ ಕಡೆಯವರಿಗೆ ಇದಕ್ಕಿಂತ ಭಯ ಬೇಕೇ? ಜೂನ್ ಬಂತೆಂದರೆ ಬಿಡದೆ ಹೊಯ್ಯುವ ಊರಲ್ಲಿ ಕೂತವರು ಆ ಮಾತು ಕೇಳಿದ ಗಳಿಗೆಯಿಂದಲೇ ಮೋಡ ಕಾಯುತ್ತಾರೆ. ಸಿನಿಮಾ 148 ನಿಮಿಷ ಓಡುತ್ತದೆ. ಒಂದು ಹನಿಯೂ ಬೀಳುವುದಿಲ್ಲ.

ಝ್ಯಾಕ್ ಸ್ನೈಡರ್ ನಿರ್ದೇಶನದ ಈ ಚಿತ್ರ 2021ರ ಮೇ ತಿಂಗಳಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಕ್ಯಾಸಿನೊ ತಿಜೋರಿಯಲ್ಲಿ 20 ಕೋಟಿ ಡಾಲರ್ ಇದೆ, ಊರಿನ ಮೇಲೆ ಅಣುಬಾಂಬ್ ಬೀಳುವ ಮೊದಲು ಅದನ್ನು ಹೊತ್ತು ತರಬೇಕು. ಇಷ್ಟೇ ಕಥೆ, ಸಾಕಾದಷ್ಟೇ ಇದೆ. (ಇನ್ನು ಮುಂದೆ ಗುಟ್ಟುಗಳು ಬಯಲಾಗುತ್ತವೆ, ನೋಡಬೇಕೆಂದಿರುವವರು ಇಲ್ಲೇ ನಿಲ್ಲಿಸಿ.)

ಜಾಂಬಿ ಸಿನಿಮಾದಲ್ಲಿ ಹೆದರಿಸುವುದು ಹೆಣವಲ್ಲ, ನಿಯಮ. ಯಾವಾಗ ಏಳುತ್ತದೆ, ಎಷ್ಟು ವೇಗ, ಯಾವುದಕ್ಕೆ ಬಗ್ಗುತ್ತದೆ ಅಂತ ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೋಡುವವನ ತಲೆಯೇ ಮಾಡಿಕೊಳ್ಳುತ್ತದೆ. ಇಲ್ಲಿ ನಿಯಮಕ್ಕೇನೂ ಬರವಿಲ್ಲ, ಬಳಸುವವರಿಲ್ಲ. ಜಾಂಬಿ ಹುಲಿಯನ್ನೇ ನೋಡಿ. ಆಲೂರು, ಬೇಲೂರಿನ ತೋಟಗಳಲ್ಲಿ ಆನೆ ಇಳಿದಿದೆ ಎಂದು ಮೊಬೈಲಿಗೆ ಸಂದೇಶ ಬಂದರೆ ಕೆಲಸದವರು ಆ ಕಡೆ ಹೋಗುವುದಿಲ್ಲ, ಹೊರಡುವ ಹೊತ್ತು, ಹಿಡಿಯುವ ದಾರಿ ಎಲ್ಲ ಬದಲು. ಸಿನಿಮಾದಲ್ಲಿ ದುಡ್ಡು ತರಲು ಹೊರಟ ತಂಡದ ಮುಂದೆ ಸತ್ತ ಹುಲಿ ಹಾದುಹೋದರೂ ಯಾರ ಲೆಕ್ಕವೂ ತಪ್ಪುವುದಿಲ್ಲ. ಕೊನೆಯಲ್ಲಿ ಒಬ್ಬ ಖಳನನ್ನು ಮುಗಿಸಲು ಮಾತ್ರ ಅದಕ್ಕೆ ಕರೆ ಹೋಗುತ್ತದೆ. ಕೆಲವು ಜಾಂಬಿಗಳ ಒಳಗೆ ಲೋಹ, ಕಣ್ಣಲ್ಲಿ ನೀಲಿ ಬೆಳಕು ಕಾಣುತ್ತದೆ. ಯಾಕೆ ಅಂತ ಕೇಳುವವರೇ ಇಲ್ಲ.

ಅದಕ್ಕಿಂತ ದೊಡ್ಡ ತಪ್ಪು ಕ್ಯಾಮೆರಾದ್ದು. ಸ್ನೈಡರ್ ಇಲ್ಲಿ ಛಾಯಾಗ್ರಾಹಕನೂ ಹೌದು. 1960ರ ದಶಕದ ಕ್ಯಾನನ್ 50 ಎಂಎಂ ಲೆನ್ಸನ್ನು ಡಿಜಿಟಲ್ ಕ್ಯಾಮೆರಾಕ್ಕೆ ಹೊಂದಿಸಿಕೊಂಡು ಶೂಟ್ ಮಾಡಿದ್ದಾರೆ. ಅದರ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿ, ಎಫ್ 0.95ರಷ್ಟು ಅಗಲ ತೆರೆಯುತ್ತದೆ. ಅಷ್ಟು ಅಗಲ ತೆರೆದರೆ ಫೋಕಸ್ ಸಿಗುವ ಪದರ ತೀರಾ ತೆಳು: ಹತ್ತಿರದ ಮುಖದಲ್ಲಿ ಕಣ್ಣು ಚೂಪಾಗಿದ್ದರೆ ಕಿವಿ ಮಂಜು, ಹಿಂದಿನ ಬೀದಿಯೆಲ್ಲ ಕಲಸಿದ ಬಣ್ಣ. ಮದುವೆ ಫೋಟೊಗೆ ಚೆಂದ, ಈ ಕಥೆಗೆ ಅಲ್ಲ. ಜಾರ್ಜ್ ರೊಮೆರೊ 1968ರಲ್ಲಿ ತೆಗೆದ ಕಪ್ಪುಬಿಳುಪು ಜಾಂಬಿ ಚಿತ್ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ನ ಶುರುವಿನಲ್ಲಿ ಸ್ಮಶಾನದಲ್ಲಿ ಅಣ್ಣ ತಂಗಿ ಮಾತಾಡುತ್ತಿರುವಾಗ ಹಿಂದೆ, ದೂರದಲ್ಲಿ, ಒಬ್ಬ ಸುಮ್ಮನೆ ನಡೆದು ಬರುತ್ತಿರುತ್ತಾನೆ. ಹಿಂದುಗಡೆ ಕಂಡದ್ದರಿಂದಲೇ ಆ ದೃಶ್ಯಕ್ಕೆ ಜೀವ. ಇಲ್ಲಿ ಹಿಂದೆ ಏನು ಬಂದರೂ ಮಸುಕೇ.

ಹಾಗೆಯೇ, ಕೆಲವು ಶಾಟ್‌ಗಳಲ್ಲಿ ಅಲುಗಾಡದ ಬಿಳಿ ಚುಕ್ಕೆ ಕಂಡರೆ ಟಿವಿಯನ್ನು ರಿಪೇರಿ ಅಂಗಡಿಗೆ ಹೊರಬೇಡಿ. ಚಿತ್ರೀಕರಿಸಿದ ಕ್ಯಾಮೆರಾದ ಸೆನ್ಸರಿನಲ್ಲೇ (ಬೆಳಕು ಹಿಡಿಯುವ ಚಿಪ್ಪಿನಲ್ಲೇ) ಸತ್ತಿರುವ ಪಿಕ್ಸೆಲ್ ಅದು.

ಪೂರ್ತಿ ದಂಡ ಅನ್ನುವಂತಿಲ್ಲ. ಕತ್ತಲ ಓಣಿಯಲ್ಲಿ ನಿಂತಲ್ಲೇ ನಿದ್ದೆ ಹೋದ ಜಾಂಬಿಗಳ ನಡುವೆ, ಮಿನುಗುವ ಕಡ್ಡಿಗಳನ್ನು ಗುರುತಿಗೆ ಇಟ್ಟುಕೊಂಡು ತಂಡ ಸಾಲಾಗಿ ಸಾಗುತ್ತದೆ. ತಾಗಿದರೆ ಏಳುತ್ತವೆ. ಹಿಂದೆ ಉಳಿದ ಒಬ್ಬಳನ್ನು ಜೊತೆಯವನೇ ದಾರಿ ತಪ್ಪಿಸುತ್ತಾನೆ. ನಿಯಮ ಹೇಳಿ ಹತ್ತು ನಿಮಿಷದೊಳಗೆ ಅದೇ ನಿಯಮಕ್ಕೆ ಒಂದು ಜೀವ ಬಲಿ. ಉಸಿರು ಹಿಡಿದು ನೋಡುವ ಜಾಗ ಇದೊಂದೇ. ಮೊದಲ ಕಾಲು ಗಂಟೆ, ಆಮೇಲೆ ಈ ಓಣಿ, ತಿಜೋರಿಯ ಬಾಗಿಲಿನ ಬಲೆಗಳಿಗೆ ಜಾಂಬಿಗಳನ್ನೇ ನೂಕಿ ಪರೀಕ್ಷಿಸುವ ತಮಾಷೆ. ಇಷ್ಟು ನೋಡಿ ಮಿಕ್ಕಿದ್ದನ್ನು ಓಡಿಸಿದರೆ ನಷ್ಟವಿಲ್ಲ.

ಹಿಂದಿ ನಟಿ ಹುಮಾ ಖುರೇಷಿ ಇದ್ದಾರೆಂದು ಕೂರುವವರಿಗೆ ಮಾತ್ರ ನಷ್ಟ ಜಾಸ್ತಿ. ಅವರ ಗೀತಾ ಇಬ್ಬರು ಮಕ್ಕಳ ತಾಯಿ. ಅವಳನ್ನು ಹುಡುಕಲೆಂದೇ ನಾಯಕನ ಮಗಳು ಜೀವ ಪಣಕ್ಕಿಟ್ಟು ಒಳಗೆ ಬರುತ್ತಾಳೆ. ಗೀತಾ ಸಿಗುತ್ತಾಳೆ, ಹೆಲಿಕಾಪ್ಟರ್ ಹತ್ತುತ್ತಾಳೆ, ಹೆಲಿಕಾಪ್ಟರ್ ನೆಲಕ್ಕಪ್ಪಳಿಸುತ್ತದೆ. ಆಮೇಲೆ ಅವಳು ಏನಾದಳು ಅಂತ ತಿರುಗಿ ನೋಡುವ ಒಂದು ಶಾಟ್ ಕೂಡ ಇಲ್ಲ.