ದುಬೈನಿಂದ ಒಂದೇ ದಿನಕ್ಕೆ ಬೆಟ್ಟ: ಜೈಸಾ, ಹಫೀತಾ, ಹತ್ತಾನಾ?

ನವೆಂಬರ್ ಬಂತೆಂದರೆ ದುಬೈನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಮಾಲ್ ಸಾಕು, ಬೀಚ್ ಸಾಕು, ಈ ಶನಿವಾರ ಎಲ್ಲಾದರೂ ಬೆಟ್ಟಕ್ಕೆ ಹೋಗೋಣ. ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆಗೆ ಬರಬೇಕು ಅಂದರೆ ಮುಖ್ಯವಾಗಿ ಮೂರು ಜಾಗ. ರಾಸ್ ಅಲ್ ಖೈಮಾದ ಜೆಬೆಲ್ ಜೈಸ್, ಅಲ್ ಐನ್‌ನ ಜೆಬೆಲ್ ಹಫೀತ್, ಹಜರ್ ಬೆಟ್ಟಗಳ ನಡುವಿನ ಹತ್ತಾ. ಮೂರಕ್ಕೂ ನಮ್ಮ ಸಾಧಾರಣ ಸೆಡಾನ್‌ನಲ್ಲೇ ಹೋಗಿ ಬಂದಿದ್ದೇವೆ. ಒಮ್ಮೆ ಗೆಳೆಯರ ಜೊತೆ, ಒಮ್ಮೆ ಮಕ್ಕಳ ಜೊತೆ, ವಿಸಿಟ್ ವೀಸಾದಲ್ಲಿ ಬಂದ ಅಮ್ಮನ ಜೊತೆಯೂ. ಫೋರ್ ವೀಲ್ ಬೇಕಾ ಅಂತ ಕೇಳುವವರಿಗೆ ಉತ್ತರ: ಬೇಡ. ಮೂರೂ ಕಡೆ ಟಾರು ರಸ್ತೆ ಚೆನ್ನಾಗಿದೆ.

ಎಲ್ಲರೂ ಮೊದಲು ಕೇಳುವುದು ಯಾವುದು ಎತ್ತರ ಅಂತ. ನಾನಾದರೆ ಬೆಟ್ಟದ ಬುಡದಲ್ಲಿ ಏನಿದೆ ಅಂತ ಕೇಳುತ್ತೇನೆ. ತುದಿಯಲ್ಲಿ ನಾವು ನಿಲ್ಲುವುದು ಹೆಚ್ಚೆಂದರೆ ಒಂದು ಗಂಟೆ. ಫೋಟೋ ತೆಗೆದು, ಚಹಾ ಕುಡಿದು, ಗಾಳಿಗೆ ಮುಖ ಒಡ್ಡಿದರೆ ಮುಗಿಯಿತು. ಉಳಿದ ಇಡೀ ದಿನ ಕಳೆಯಬೇಕಲ್ಲ?

ಎತ್ತರದ ಲೆಕ್ಕದಲ್ಲಿ ಜೈಸ್‌ಗೆ ಎದುರಾಳಿ ಇಲ್ಲ. ಶಿಖರ 1,900 ಮೀಟರ್ ದಾಟುತ್ತದೆ. ಕಾರು ಅಲ್ಲಿವರೆಗೆ ಹೋಗುವುದಿಲ್ಲ, ಆದರೂ 1,484 ಮೀಟರ್ ಎತ್ತರದಲ್ಲಿ ಒಂದು ರೆಸ್ಟೋರೆಂಟೇ ಇದೆ. 2017ರ ಫೆಬ್ರವರಿಯಲ್ಲಿ ಇಲ್ಲಿ ಹಿಮ ಕೂಡ ಬಿದ್ದಿತ್ತು. ದುಬೈನಿಂದ ಎರಡು ಗಂಟೆಗೂ ಸ್ವಲ್ಪ ಜಾಸ್ತಿ ದಾರಿ. ಇ611 ಹೆದ್ದಾರಿ ಹಿಡಿದರೆ ಸಾಲಿಕ್ ಅನ್ನುವ ದುಬೈನ ಟೋಲ್ ಗೇಟ್ ಸಿಗುವುದಿಲ್ಲ, ಮಧ್ಯೆ ನೋಡಲು ಏನೂ ಸಿಗುವುದಿಲ್ಲ. ಮಜಾ ಇರುವುದೆಲ್ಲ ಕೊನೆಯ ಏರಿನಲ್ಲಿ. ಒಂದು ತಿರುವು ಹತ್ತಿ ಕೆಳಗೆ ನೋಡಿದರೆ ಈಗಷ್ಟೇ ಬಂದ ರಸ್ತೆ ಮೂರು ಪದರವಾಗಿ ಕಾಣುತ್ತದೆ. ತಡೆಗೋಡೆಯ ಪಕ್ಕ ಆಡುಗಳು ನಿಂತಿರುತ್ತವೆ. ಹಾರ್ನ್ ಹೊಡೆದರೂ ಅವಕ್ಕೆ ಲೆಕ್ಕಕ್ಕಿಲ್ಲ.

ಡ್ರೈವಿಂಗ್ ಇಷ್ಟಪಡುವವರಿಗೆ ಜೈಸ್ ಸ್ವರ್ಗ. ಹಿಂದಿನ ಸೀಟಿನವರ ಕಥೆ ಬೇರೆ. ಅರ್ಧ ದಾರಿಯಲ್ಲೇ ನಮ್ಮ ಚಿಕ್ಕವನಿಗೆ ವಾಂತಿ ಶುರುವಾಯಿತು. ಅಮ್ಮ ಕಿಟಕಿಯಿಂದ ನೋಡಿ ನೋಡಿ ಕೊನೆಗೆ, "ಎಂಥ ಬೆಟ್ಟ ಇದು ಮಗಾ, ಒಂದು ಹುಲ್ಲುಕಡ್ಡಿ ಇಲ್ವಲ್ಲ" ಅಂದರು. ನಿಜ. ಇದು ಬರೀ ಕಲ್ಲಿನ ಬೆಟ್ಟ. ಘಟ್ಟದ ಹಸಿರು ಮನಸ್ಸಲ್ಲಿ ಇಟ್ಟುಕೊಂಡು ಬಂದವರಿಗೆ ಬೇಜಾರಾಗುತ್ತದೆ. ಸಂಜೆ ಬಿಸಿಲು ಓರೆಯಾದಾಗ ಮಾತ್ರ ಆ ಬೋಳು ಬಂಡೆಗಳಿಗೆ ಬರುವ ಬಣ್ಣ ನೋಡಿ ಅಮ್ಮನೂ ಸುಮ್ಮನಾದರು.

ಮೇಲೆ ಜಿಪ್‌ಲೈನ್ ಇದೆ. 2018ರಲ್ಲಿ ಶುರುವಾಗಿದ್ದು, ಉದ್ದ 2.83 ಕಿಲೋಮೀಟರ್, ಆಗ ಜಗತ್ತಿನಲ್ಲೇ ಅತಿ ಉದ್ದ ಅಂತ ಗಿನ್ನೆಸ್ ದಾಖಲೆ ಸೇರಿತು. ಗೆಳೆಯರ ಗುಂಪಾದರೆ ಅದಕ್ಕಾಗಿಯೇ ಹೋಗಬಹುದು, ಮೊದಲೇ ಬುಕ್ ಮಾಡಿ. ಮಕ್ಕಳು, ವಯಸ್ಸಾದವರು ಇದ್ದರೆ ಮೇಲೆ ಹೋಗಿ ಗಾಳಿ ಕುಡಿದು ಇಳಿಯುವುದಷ್ಟೇ. ವಾಪಸ್ ಬರುವಾಗ ಶಾರ್ಜಾ ಹತ್ತಿರದ ಟ್ರಾಫಿಕ್ ಬೇರೆ. ಆ ತಂಪೆಲ್ಲ ಅಲ್ಲೇ ಇಳಿದುಹೋಗುತ್ತದೆ.

ಹತ್ತಾ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸುಮಾರು ಒಂದೂವರೆ ಗಂಟೆಯ ದಾರಿ. ಬೆಟ್ಟಗಳ ನಡುವಿನ ಊರೇ ಹೊರತು ಬೆಟ್ಟದ ಮೇಲಿನ ಊರಲ್ಲ, ಹಾಗಾಗಿ ತಂಪು ಕೇಳಬೇಡಿ. ಆದರೆ ನೀರಿದೆ! ಡ್ಯಾಮ್‌ನ ಹಸಿರು ನೀಲಿ ನೀರಿನಲ್ಲಿ ಕಯಾಕ್ ಹುಟ್ಟು ಹಾಕಿದ ಮಕ್ಕಳು ಹಿಂತಿರುಗಲು ಒಪ್ಪಲೇ ಇಲ್ಲ. ಹಳೇ ಕೋಟೆ, ಹೆರಿಟೇಜ್ ವಿಲೇಜ್ ಚಿಕ್ಕವು, ಒಂದು ಗಂಟೆ ಸಾಕು. ದಾರಿಯ ವಿಷಯದಲ್ಲಿ ಮಾತ್ರ ಹುಷಾರು. ಹತ್ತಾ ದುಬೈ ಎಮಿರೇಟ್‌ಗೇ ಸೇರಿದ್ದು, ಆದರೆ ಉಳಿದ ದುಬೈಗೆ ಅಂಟಿಕೊಂಡಿಲ್ಲ. ಅಲ್ ಮದಾಮ್ ಮೇಲೆ ಹೋಗುವ ಹಳೇ ಇ44 ರಸ್ತೆ ನಡುವೆ ಸ್ವಲ್ಪ ದೂರ ಒಮಾನ್ ನೆಲದಲ್ಲಿ ಹಾಯುತ್ತದೆ. ಅಲ್ಲಿ ಚೆಕ್‌ಪೋಸ್ಟ್ ಇದೆ. ನಮ್ಮಂಥ ಹೊರದೇಶದವರು ಮ್ಲೀಹಾ ಕಡೆಯಿಂದ ಸುತ್ತಿ ಹೋಗಬೇಕು. ಬಾಡಿಗೆ ಕಾರಾದರಂತೂ ಒಮಾನ್‌ಗೆ ಇನ್ಶೂರೆನ್ಸ್ ಇದೆಯಾ ಅಂತ ನೋಡದೆ ಆ ಕಡೆ ಚಕ್ರ ಇಡಬೇಡಿ. ಮ್ಯಾಪ್ ಹತ್ತಿರದ ದಾರಿ ಅಂತ ಅದನ್ನೇ ತೋರಿಸಿದರೂ ನಂಬಬೇಡಿ.

ಈಗ ಹಫೀತ್. ನನ್ನ ಓಟು ಇದಕ್ಕೇ. ಎತ್ತರ ಸುಮಾರು 1,240 ಮೀಟರ್, ಜೈಸ್ ಮುಂದೆ ಕುಳ್ಳ. ಆದರೆ ಬುಡದಲ್ಲಿ ಅಲ್ ಐನ್ ಇದೆ. ಇ66 ನೇರ ರಸ್ತೆ, ಊರು ಮುಟ್ಟಲು ಒಂದೂವರೆ ಗಂಟೆ. ಬೆಳಿಗ್ಗೆಯೇ ಬೆಟ್ಟಕ್ಕೆ ನುಗ್ಗಬೇಡಿ. ಮೊದಲು ಅಲ್ ಐನ್ ಓಯಸಿಸ್‌ಗೆ ಹೋಗಿ. 1,200 ಹೆಕ್ಟೇರ್ ಖರ್ಜೂರದ ತೋಟ, ಒಂದೂವರೆ ಲಕ್ಷದ ಹತ್ತಿರ ಮರಗಳು. ಎರಡೂ ಕಡೆ ಗೋಡೆ ಇರುವ ಸಣ್ಣ ಓಣಿ, ಮೇಲೆ ಗರಿಗಳ ನೆರಳು. ಪಕ್ಕದಲ್ಲಿ ಫಲಜ್ ಅನ್ನುವ ಹಳೇ ಕಾಲದ ನೀರಿನ ಕಾಲುವೆ. ಅಂಗೈ ಅಗಲದ ನೀರು ಸದ್ದಿಲ್ಲದೆ ಓಡುತ್ತದೆ. ಯಾವ ತೋಟಕ್ಕೆ ಎಷ್ಟು ಹೊತ್ತು ನೀರು ಅನ್ನುವ ಪಾಳಿ ಪದ್ಧತಿ ಇಲ್ಲಿ ತಲೆತಲಾಂತರದಿಂದ ಬಂದದ್ದು. ಅಮ್ಮ ಚಪ್ಪಲಿ ಬಿಟ್ಟು ಕಾಲುವೆ ಅಂಚಿನಲ್ಲಿ ಕೂತವರು ಎಷ್ಟು ಕರೆದರೂ ಏಳಲಿಲ್ಲ. ಹಫೀತ್‌ನ ಗೋರಿಗಳೂ ಸೇರಿ ಅಲ್ ಐನ್‌ನ ಈ ಜಾಗಗಳಿಗೆ 2011ರಲ್ಲಿ ಯುನೆಸ್ಕೋ ಮಾನ್ಯತೆ ಸಿಕ್ಕಿದೆ. ಬೆಟ್ಟದ ತಪ್ಪಲಿನ ಆ ಕಲ್ಲಿನ ಗೋರಿಗಳು ಸುಮಾರು 5,000 ವರ್ಷ ಹಳೆಯವು. ಆಸಕ್ತಿ ಇದ್ದವರು ಅದಕ್ಕೆ ಬೇರೆಯಾಗಿ ಸಮಯ ಇಟ್ಟುಕೊಳ್ಳಿ, ಮೇಲಕ್ಕೆ ಹೋಗುವ ರಸ್ತೆಯಲ್ಲಿ ಅವು ಸಿಗುವುದಿಲ್ಲ.

ಊಟ ಮುಗಿಸಿ, ಬಿಸಿಲು ಇಳಿದ ಮೇಲೆ ಬೆಟ್ಟ. ಹನ್ನೆರಡು ಕಿಲೋಮೀಟರ್‌ಗೆ ಚೂರು ಕಮ್ಮಿ, ಅರವತ್ತು ತಿರುವು. ಹತ್ತಲು ಎರಡು ಲೇನ್, ಇಳಿಯಲು ಒಂದು. ತಿರುವುಗಳು ಅಗಲವಾಗಿರುವುದರಿಂದ ಚಿಕ್ಕವನ ಹೊಟ್ಟೆ ಕೂಡ ಸುಮ್ಮನಿತ್ತು. ಸೈಕಲ್‌ನವರು ಜಾಸ್ತಿ, ಬಲಗಡೆ ಗಮನ ಇರಲಿ. ತುದಿಯಲ್ಲಿ ದೊಡ್ಡ ಪಾರ್ಕಿಂಗ್, ಕೆಳಗೆ ಒಂದು ಕಡೆ ಊರಿನ ದೀಪ, ಇನ್ನೊಂದು ಕಡೆ ಬರೀ ಮರಳು. ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟೇ ಬರಬೇಡಿ, ಲೋ ಗೇರ್ ಹಾಕಿ. ಕೆಳಗೆ ಬಂದು ನಿಂತಾಗ ಪಕ್ಕದ ಕಾರುಗಳಿಂದ ಬರುವ ಸುಟ್ಟ ವಾಸನೆಯೇ ಪಾಠ ಹೇಳುತ್ತದೆ. ಬುಡದ ಗ್ರೀನ್ ಮುಬಝರಾದಲ್ಲಿ ಬಿಸಿನೀರಿನ ತೊರೆ ಇದೆ. ಹುಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟರೆ ದಿನದ ದಣಿವೆಲ್ಲ ಹೋಯಿತು. ಮಂಡಿನೋವಿನವರಿಗೆ ಇದೊಂದೇ ಸಾಕು.

ಹಫೀತ್‌ಗೆ ಹೋಗುವಾಗ ಎಚ್ಚರ ಇರಬೇಕಾದ್ದು ವೇಗದ ವಿಷಯದಲ್ಲಿ. ದುಬೈನಲ್ಲಿ ಬೋರ್ಡಿಗಿಂತ 20 ಕಿಲೋಮೀಟರ್ ವಿನಾಯಿತಿ ಇದೆ ಅಂತ ಅಭ್ಯಾಸವಾಗಿರುತ್ತದೆ ಅಲ್ವಾ? ಅಲ್ ಐನ್ ಇರುವ ಅಬುಧಾಬಿ ಎಮಿರೇಟ್ 2018ರಲ್ಲೇ ಅದನ್ನು ತೆಗೆದುಹಾಕಿದೆ. ಗಡಿ ದಾಟಿದ ಮೇಲೆ ಬೋರ್ಡಿನಲ್ಲಿ ಎಷ್ಟಿದೆಯೋ ಅಷ್ಟೇ.

ಹಾಗಂತ ಯಾವಾಗಲೂ ಹಫೀತೇ ಅನ್ನುವುದಿಲ್ಲ. ಗೆಳೆಯರು ಬಂದರೆ, ನಿಜವಾದ ಚಳಿ ಬೇಕು ಅಂದರೆ ಜನವರಿಯಲ್ಲಿ ಜೈಸ್, ಸ್ವೆಟರ್ ಮರೆಯಬೇಡಿ. ಮಕ್ಕಳ ಸೈನ್ಯ ಇದ್ದರೆ ಹತ್ತಾ. ಬೇಸಿಗೆಯಲ್ಲಿ ಮೂರೂ ಬೇಡ. ಸಾವಿರ ಮೀಟರ್ ಹತ್ತಿದರೆ ಆರೇಳು ಡಿಗ್ರಿ ಕಡಿಮೆಯಾಗುತ್ತದೆ, ಅಷ್ಟೇ. ಕೆಳಗೆ 43 ಇದ್ದರೆ ಜೈಸ್ ಮೇಲೂ 34ರ ಆಸುಪಾಸು.

ಮಳೆಯ ಮುನ್ಸೂಚನೆ ಇದ್ದ ದಿನ ಯಾವ ಬೆಟ್ಟವೂ ಬೇಡ. ರಸ್ತೆ ಮುಚ್ಚಿರಬಹುದು, ಹೊರಡುವ ಮುಂಚೆ ನೋಡಿಕೊಳ್ಳಿ. 2023ರ ನಿಯಮದ ಪ್ರಕಾರ ನೀರು ಹರಿಯುತ್ತಿರುವ ವಾದಿಗೆ (ಮಳೆ ಬಂದಾಗ ಮಾತ್ರ ಹರಿಯುವ ಹಳ್ಳ) ಕಾರು ಇಳಿಸಿದರೆ 2,000 ದಿರ್ಹಮ್ ದಂಡ, ಲೈಸೆನ್ಸ್ ಮೇಲೆ 23 ಬ್ಲ್ಯಾಕ್ ಪಾಯಿಂಟ್, ಜೊತೆಗೆ ಕಾರು 60 ದಿನ ಪೊಲೀಸರ ವಶದಲ್ಲಿ.