ನಿಮ್ಹಾನ್ಸ್ ಒಳಗಿನ ಬೇಕರಿ: ಬ್ರೆಡ್ ತಗೊಳ್ಳಿ, ವಿಚಾರಣೆ ಬೇಡ

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಬೇಕರಿ ಇದೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದು ಪುನರ್ವಸತಿ ವಿಭಾಗದ್ದು. ಸ್ಕಿಜೋಫ್ರೇನಿಯಾ, ಬೈಪೋಲಾರ್ ಥರದ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಅಲ್ಲಿ ಕೆಲಸ ಕಲಿಯುತ್ತಾರೆ. 

ಮೊದಲು ರುಚಿ. ಬ್ರೆಡ್ ಚೆನ್ನಾಗಿದೆ, ಸುಮ್ನೆ ಪಾಪ ಅಂತ ಹೇಳುತ್ತಿಲ್ಲ. ಸಿಹಿ ಜಾಸ್ತಿ ಇಲ್ಲ, ತುಪ್ಪ ಹಾಕಿ ಕಾವಲಿ ಮೇಲೆ ಬಿಸಿ ಮಾಡಿದರೆ ಅಂಚು ಗರಿಗರಿಯಾಗುತ್ತೆ. ಅಯ್ಯಂಗಾರ್ ಬೇಕರಿಯ ಖಾರಾ ಬನ್ ಹುಡುಕಿಕೊಂಡು ಹೋಗಬೇಡಿ, ಇದು ದಿನಬಳಕೆಯ ಸಾದಾ ಮಾಲು.

ನಮ್ಮಣ್ಣ ಅಲ್ಲಿ ತರಬೇತಿಗೆ ಹೋಗುತ್ತಿದ್ದ. ಮಾತ್ರೆಯಿಂದ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತಿದ್ದವು, ಆದರೆ ಹಾಸಿಗೆ ಬಿಟ್ಟು ಏಳಲು ಮನಸ್ಸಿಲ್ಲ, ಮಾತಿಲ್ಲ, ಸ್ನಾನವೂ ಬೇಡ. ನೆಂಟರೆಲ್ಲ ಸೋಮಾರಿ ಅಂದರು. ಅದೂ ಕಾಯಿಲೆಯದ್ದೇ ಭಾಗ, ಮಾತ್ರೆಗೆ ಅದು ಅಷ್ಟಾಗಿ ಬಗ್ಗುವುದಿಲ್ಲ ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಬೇಕರಿ ಕೆಲಸ ಹಿಡಿಸಿದ್ದು ಅದಕ್ಕೇ ಇರಬೇಕು. ಹಿಟ್ಟು ಉಬ್ಬಿದ ಮೇಲೆ ಯಾರಿಗೂ ಕಾಯುವುದಿಲ್ಲ, ಮನಸ್ಸಿಲ್ಲದಿದ್ದರೂ ಏಳಲೇಬೇಕು, ಅಲ್ವಾ? ಅವನ ಪಾಲಿಗೆ ಬಂದದ್ದು ತೂಕದ ಕೆಲಸ. ಹಿಟ್ಟಿನ ಉಂಡೆ ಕಿತ್ತು ತಕ್ಕಡಿಗೆ ಇಡುವುದು, ಜಾಸ್ತಿಯಾದರೆ ಚಿವುಟುವುದು, ಕಡಿಮೆಯಾದರೆ ಒಂದು ಚೂರು ಅಂಟಿಸುವುದು. ಮಾತ್ರೆಯಿಂದ ಕೈ ನಡುಗುತ್ತಿತ್ತು, ಆದರೂ ತೂಕ ಸರಿಯಾಗುವ ತನಕ ಉಂಡೆಯನ್ನು ಮುಂದಕ್ಕೆ ಬಿಡುತ್ತಿರಲಿಲ್ಲ.

ನನ್ನ ತಕರಾರು ಗಿರಾಕಿಗಳ ಮೇಲೆ. "ನಿಮಗೇನಾಗಿತ್ತು? ಈಗ ಪೂರ್ತಿ ಗುಣ ಆಯ್ತಾ?" ಅಂತ ನಿಂತು ಕೇಳುವವರಿದ್ದಾರೆ. ಬೇರೆ ಕಡೆ ಬನ್ ಕಟ್ಟಿಕೊಡುವವರ ಬಿಪಿ ಎಷ್ಟು ಅಂತ ಕೇಳುತ್ತೇವಾ? ಅಣ್ಣ ಇವತ್ತಿಗೂ ಮಾತ್ರೆ ನುಂಗುತ್ತಾನೆ, ಮಧ್ಯೆ ಒಮ್ಮೆ ಕಾಯಿಲೆ ಮರುಕಳಿಸಿ ಮನೆಯಲ್ಲಿ ಕೂತು ಮತ್ತೆ ಕೆಲಸಕ್ಕೆ ಹೋದ, ಅವನ ಚೇತರಿಕೆ ಇರುವುದೇ ಹೀಗೆ.

ಹೊರಗೆ ಅವನು ಕೆಲಸಕ್ಕಿದ್ದ ಒಂದು ಖಾಸಗಿ ಬೇಕರಿಯವರು ಅವನ ಮಾತ್ರೆ ಚೀಟಿ ಕಂಡದ್ದೇ ತಡ, ನಾಳೆಯಿಂದ ಬರಬೇಡ ಅಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ, ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಸರ್ಟಿಫಿಕೇಟ್ ಇದ್ದವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿಯೂ ಇದೆ. ಆ ಮಾಲೀಕರಿಗೆ ಕಾಯ್ದೆ ಹೇಳಿ ಏನೂ ಪ್ರಯೋಜನವಾಗಲಿಲ್ಲ. ಈಗ ಚಿಕ್ಕಪ್ಪನ ಹೋಟೆಲಿನಲ್ಲಿ ಬೆಳಗಿನ ಕೆಲಸ ನೋಡಿಕೊಳ್ಳುತ್ತಾನೆ. ರಾತ್ರಿ ಮಾತ್ರೆಯ ಮಂಪರು ಬೆಳಗ್ಗೆಯೂ ಇರುತ್ತೆ ಅಂತ ಚಿಕ್ಕಪ್ಪ ಅವನಿಗೆ 8 ಗಂಟೆಗೆ ಬಾ ಅಂದಿದ್ದಾರೆ.

ಓಪಿಡಿಗೆ ಬಂದವರು ಹೋಗುವಾಗ ಬ್ರೆಡ್ ತಗೊಂಡು ಹೋಗಿ. ಮನೆಯಲ್ಲಿ ಯಾರಿಗಾದರೂ ಹೀಗಾಗಿ ಎಲ್ಲಿಂದ ಶುರು ಮಾಡಬೇಕು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ರಾತ್ರಿಯೂ ನಡೆಯುತ್ತೆ.