ಬೆಂಕಿ ಬಿದ್ದ ಕಾಟೇಜಿನ ರಿಪೇರಿ ಪ್ಯಾಕೇಜು: ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಕೊಡಗು, ಚಿಕ್ಕಮಗಳೂರು ಕಡೆಯ ಹೋಮ್‌ಸ್ಟೇಗಳಲ್ಲಿ ಮರದ ಕಾಟೇಜಿಗೆ ಬೆಂಕಿ ಬಿದ್ದು ಬೇಗ ಆರಿತು ಅಂದರೆ, ಸುಟ್ಟಿರುವುದು ಒಂದು ಮೂಲೆ ಮಾತ್ರ. ಮಿಕ್ಕ ಕೋಣೆಯನ್ನು ಕೆಡಿಸುವುದು ಹೊಗೆ ಮತ್ತು ಆರಿಸಲು ಸುರಿದ ನೀರು. ಡೀಪ್ ಕ್ಲೀನಿಂಗ್‌ನವರು ಇಂಥದ್ದಕ್ಕೆ ಕೊಡುವ ಪ್ಯಾಕೇಜಿನಲ್ಲಿ ಸಾಧಾರಣವಾಗಿ ಮೂರು ಕೆಲಸ ಇರುತ್ತವೆ: ಮಸಿ ತೊಳೆಯುವುದು, ಓಝೋನ್ ಯಂತ್ರ ಇಟ್ಟು ವಾಸನೆ ತೆಗೆಯುವುದು, ಮೇಲೆ ಎರಡು ಕೋಟ್ ಪೇಂಟು. ಎಲ್ಲಕ್ಕಿಂತ ಮುಖ್ಯವಾದ ಒಣಗಿಸುವ ಕೆಲಸವೇ ಅದರಲ್ಲಿ ಇಲ್ಲ. ಕೊಟೇಶನ್ ನೋಡುವಾಗ ಮೊದಲು ಹುಡುಕಬೇಕಾದ ಸಾಲು ಅದು.

ಮಸಿಯ ವಿಷಯ ಮೊದಲು. ಬಕೆಟ್, ಸೋಪು, ಪ್ರೆಷರ್ ವಾಷರ್ ಹಿಡಿದು ಬರುವ ತಂಡವನ್ನು ಬಾಗಿಲಲ್ಲೇ ನಿಲ್ಲಿಸಿ. ಒಣ ಮಸಿಗೆ ನೀರು ತಗುಲಿದರೆ ಅದು ಮರದ ಎಳೆಯೊಳಗೆ ಇಳಿಯುತ್ತದೆ, ಆಮೇಲೆ ಉಪ್ಪುಕಾಗದ ಹಿಡಿದು ತಿಕ್ಕದೆ ಬೇರೆ ದಾರಿ ಇರುವುದಿಲ್ಲ. ಸರಿಯಾದ ತಂಡ ಹೆಪಾ ಫಿಲ್ಟರಿನ ವ್ಯಾಕ್ಯೂಮ್ ತರುತ್ತದೆ. ಮನೆಯ ಸಾಮಾನ್ಯ ವ್ಯಾಕ್ಯೂಮ್ ಸಣ್ಣ ಮಸಿಯನ್ನು ಹಿಂದಿನಿಂದ ಗಾಳಿಗೇ ಬಿಡುತ್ತದೆ. ನಂತರ ಒಣ ರಬ್ಬರ್ ಸ್ಪಾಂಜಿನಿಂದ ಮೇಲಿನಿಂದ ಕೆಳಕ್ಕೆ, ಒಂದೇ ದಿಕ್ಕಿನಲ್ಲಿ ಎಳೆಯಬೇಕು. ಸ್ಪಾಂಜು ಕಪ್ಪಾದರೆ ತೊಳೆಯಬಾರದು, ಆ ಪದರವನ್ನು ಬ್ಲೇಡಿನಿಂದ ಕೊಯ್ದು ಹೊಸ ಮುಖ ಬಳಸಬೇಕು. ಒದ್ದೆ ಬಟ್ಟೆ ಬರುವುದು ಕೊನೆಗೆ, ಅದೂ ಪೇಂಟು ಹಚ್ಚಿದ ಗೋಡೆಗೆ ಮಾತ್ರ. ಆಗ ಕೆಳಗಿನಿಂದ ಮೇಲಕ್ಕೆ ಒರೆಸಿದರೆ ನೀರಿಳಿದ ಗೆರೆ ಉಳಿಯುವುದಿಲ್ಲ.

ಎಬಿಸಿ ಪುಡಿಯ ಸಿಲಿಂಡರ್ ಬಳಸಿ ಬೆಂಕಿ ಆರಿಸಿದ್ದರೆ ಇನ್ನೊಂದು ಎಚ್ಚರ ಬೇಕು. ಆ ಹಳದಿ ಪುಡಿಯಲ್ಲಿರುವುದು ಮೋನೋ ಅಮೋನಿಯಂ ಫಾಸ್ಫೇಟ್. ತೇವ ತಾಗಿದರೆ ಅದು ಹಿಂಜು, ಬೋಲ್ಟು, ಸ್ವಿಚ್ಚಿನ ತಾಮ್ರ ಎಲ್ಲವನ್ನೂ ತಿನ್ನುತ್ತದೆ. ಸುಟ್ಟ ಪಿವಿಸಿಯ ಹೊಗೆಯಲ್ಲೂ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಹಾಗಾಗಿ ಲೋಹದ ಭಾಗಗಳನ್ನು ಮೊದಲ ದಿನವೇ ಒರೆಸಿ ಎಣ್ಣೆ ಸವರುವ ತಂಡ ಸಿಕ್ಕಿದರೆ, ಅವರಿಗೆ ಕೆಲಸ ಗೊತ್ತು ಎಂದೇ ಅರ್ಥ.

ಇನ್ನು ಒಣಗಿಸುವುದು. ಒದ್ದೆ ಮರದ ಮೇಲೆ 24ರಿಂದ 48 ಗಂಟೆಯೊಳಗೆ ಬೂಷ್ಟು ಬೇರೂರಲು ಶುರುವಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ "ಕಿಟಕಿ ತೆಗೆದಿಡಿ, ಗಾಳಿಯಾಡಲಿ" ಎಂಬ ಸಲಹೆ ಕೆಲಸ ಕೆಡಿಸುತ್ತದೆ, ಏಕೆಂದರೆ ಹೊರಗಿನ ಗಾಳಿಯೇ ನೀರು ತುಂಬಿಕೊಂಡಿರುತ್ತದೆ. ಕಿಟಕಿ ಬಾಗಿಲು ಮುಚ್ಚಿ, ಹಂಚಿನ ಸಂದಿಗಳ ಕೆಳಗೆ ಟಾರ್ಪಾಲು ಕಟ್ಟಿ, ಒಳಗೆ ಡಿಹ್ಯೂಮಿಡಿಫೈಯರ್, ಅಂದರೆ ಗಾಳಿಯ ತೇವ ಹೀರಿ ನೀರಾಗಿ ತೆಗೆಯುವ ಯಂತ್ರ, ಓಡಿಸಬೇಕು. ದಿನಕ್ಕೆ 50 ಲೀಟರ್ ಎಂದು ಬರೆದಿರುವ ಯಂತ್ರ ಒಂದು ಕೋಣೆ, ಒಂದು ಬಚ್ಚಲಿನ ಕಾಟೇಜಿಗೆ ಸಾಕು. ಆದರೆ ಆ ಲೆಕ್ಕ ಸಾಮಾನ್ಯವಾಗಿ 30 ಡಿಗ್ರಿ ಶಾಖ, ಶೇ. 80 ಆರ್ದ್ರತೆಯಲ್ಲಿ ಅಳೆದದ್ದು. ಜುಲೈನ ಮಡಿಕೇರಿಯಲ್ಲಿ, 20 ಡಿಗ್ರಿಯ ಆಸುಪಾಸಿನಲ್ಲಿ, ಅದರ ಅರ್ಧ ನೀರು ಬಂದರೆ ಹೆಚ್ಚು. ಕೋಣೆಯನ್ನು 25 ಡಿಗ್ರಿಗೆ ಬೆಚ್ಚಗಿಟ್ಟರೆ ಯಂತ್ರ ಚುರುಕಾಗುತ್ತದೆ. ಅದಕ್ಕಿಂತ ಜೋರು ಶಾಖ ಕೊಟ್ಟರೆ ಹಲಗೆ ಸೀಳುತ್ತದೆ. ಫ್ಯಾನು ಬೇಕೇ ಬೇಕು, ಗೋಡೆಗೆ ಓರೆಯಾಗಿ ಗಾಳಿ ಸವರುವಂತೆ. ಆದರೆ ಸಡಿಲ ಮಸಿ ತೆಗೆಯುವ ಮೊದಲು ಹಾಕಿದರೆ ಮಸಿ ಕೋಣೆಯೆಲ್ಲ ಹರಡುತ್ತದೆ. ಕರೆಂಟು ಹೋಗುವ ಊರಿನಲ್ಲಿ ಜನರೇಟರ್ ಖರ್ಚು ಯಾರದು ಎಂಬುದೂ ಕೊಟೇಶನ್‌ನಲ್ಲಿ ಇರಲಿ.

ಈ ಯಂತ್ರದ ಬಾಡಿಗೆ ಎಷ್ಟು ದಿನ? ಇದನ್ನು ಕೈಮುಟ್ಟಿ ಹೇಳಲಾಗದು, ತೇವ ಅಳೆಯುವ ಪಿನ್ ಮೀಟರ್ ಹೇಳಬೇಕು. ನೀರು ಬೀಳದ ಪಕ್ಕದ ಕಾಟೇಜಿನಲ್ಲಿ ಅದೇ ಜಾತಿಯ ಮರದ ತೇವ ಅಳೆದಿಟ್ಟುಕೊಳ್ಳಿ, ಅದೇ ಗುರಿ. ಶೇ. 20ರ ಮೇಲಿದ್ದರೆ ಬೂಷ್ಟಿನ ಭಯ ಹೋಗಿಲ್ಲ. ಹಲಗೆಯ ಮುಖ ಒಣಗಿದರೂ ಹಿಂಬದಿ, ಪಕಾಸಿ ಗೋಡೆಯ ಮೇಲೆ ಕೂರುವ ಜಾಗ, ನೆಲದ ಹಲಗೆಯ ಅಡಿ ಒದ್ದೆಯಾಗಿಯೇ ಇರುತ್ತವೆ. ಆದ್ದರಿಂದ ಪ್ರತಿ ದಿನ ಅವೇ ಜಾಗಗಳಲ್ಲಿ ಅಳೆದು ಬರೆದಿಡಬೇಕು. ಕರಕಲಾದ ಮರಕ್ಕೆ ಪಿನ್ ಚುಚ್ಚಬೇಡಿ: ಇದ್ದಿಲು ಮತ್ತು ಬೆಂಕಿ ಆರಿಸಲು ಬಳಸಿದ ಪುಡಿಯ ಉಪ್ಪಿನಂಶ ಕರೆಂಟು ಹರಿಸುವುದರಿಂದ ಮೀಟರ್ ಇಲ್ಲದ ತೇವ ತೋರಿಸುತ್ತದೆ. ಪ್ಯಾಕೇಜಿನಲ್ಲಿ ಮೀಟರ್ ಇಲ್ಲದಿದ್ದರೆ ನೀವೇ ಒಂದು ಕೊಂಡುಕೊಳ್ಳಿ. ಇಡೀ ರಿಪೇರಿಯಲ್ಲಿ ಇಷ್ಟು ಉಪಯೋಗಕ್ಕೆ ಬರುವ ಖರೀದಿ ಇನ್ನೊಂದಿಲ್ಲ.

ಉಳಿಸಲು ಹೋಗಬಾರದ ವಸ್ತುಗಳೂ ಇವೆ. ನೀರು ಕುಡಿದ ಜಿಪ್ಸಂ ಬೋರ್ಡು, ಗ್ಲಾಸ್ ವುಲ್, ಫೋಮ್ ಹಾಸಿಗೆ ಹೊರಗೆ ಹಾಕಿ. ಪ್ಲೈವುಡ್ಡಿನ ಮೇಲೆ ಐಎಸ್ 710 (ನೀರು ತಾಳುವ ಮರೀನ್ ಪ್ಲೈ) ಮುದ್ರೆ ಇದ್ದರೆ ಒಣಗಿಸಿ ನೋಡಬಹುದು. ತೇವವನ್ನಷ್ಟೇ ತಾಳುವ ಸಾಮಾನ್ಯ ಎಂಆರ್ ದರ್ಜೆಯದು ಪದರ ಬಿಟ್ಟರೆ ಮತ್ತೆ ಕೂಡುವುದಿಲ್ಲ.

ಸುಟ್ಟ ತೊಲೆ, ಪಕಾಸಿಗಳನ್ನು ಸ್ಕ್ರೇಪರ್, ತಂತಿ ಬ್ರಷ್ ಹಿಡಿದು ಗಟ್ಟಿ ಮರ ಕಾಣುವವರೆಗೆ ಕೆರೆಯಬೇಕು. ಇದ್ದಿಲು ಉಳಿದರೆ ವಾಸನೆಯೂ ಉಳಿಯುತ್ತದೆ. ಕೆರೆದ ಮೇಲೆ ಉಳಿದ ದಪ್ಪ ಹಂಚಿನ ಭಾರ ಹೊರುತ್ತದೆಯೇ ಎಂದು ಎಂಜಿನಿಯರ್ ನೋಡಲಿ, ಪೇಂಟರ್ ಹೇಳುವ ಮಾತಲ್ಲ ಅದು.

ವಾಸನೆ ತಡೆಯುವುದಕ್ಕೆ ಅರಗಿನ ಕೋಟಿಂಗ್ ಅತ್ಯುತ್ತಮ. ಫ್ರೆಂಚ್ ಪಾಲಿಶ್‌ಗೆ ನಮ್ಮ ಬಡಗಿಗಳು ಬಳಸುವ ಅರಗಿನ ಚಕ್ಕೆಯ ಜಾತಿಯೇ. ಬಿಳಿ ಬಣ್ಣ ಬೆರೆಸಿದ ಪ್ರೈಮರ್ ರೂಪದಲ್ಲೂ ಬರುತ್ತದೆ. ನೀರಿನ ಪ್ರೈಮರ್ ಹಚ್ಚಿದರೆ ಮಸಿಯ ಕಲೆ ಕೆಲವೇ ದಿನದಲ್ಲಿ ಹಳದಿಯಾಗಿ ಮೇಲೆ ಬರುತ್ತದೆ. ಆದರೆ ಮರ ಒಣಗುವ ಮೊದಲು ಅರಗು ಹಚ್ಚಿದರೆ ತೇವ ಒಳಗೇ ಸಿಕ್ಕಿಬಿದ್ದು ಪದರ ಬಿಳಿಚಿ ಕಿತ್ತು ಬರುತ್ತದೆ. ಅರಗು ಕರಗಿಸುವ ಸ್ಪಿರಿಟ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಹಚ್ಚುವ ದಿನ ಹೀಟರ್ ಆರಿಸಿ.

ಓಝೋನ್‌ಗೆ ಕೊಡುವ ದುಡ್ಡು ಬಹುಪಾಲು ದಂಡ. ಮಸಿ, ಇದ್ದಿಲು ಇರುವಾಗ ಓಡಿಸಿದರೆ ಮರುದಿನ ಹೊಗೆಯ ಘಾಟು ವಾಪಸು ಬರುತ್ತದೆ. ಎಲ್ಲ ಮುಗಿದ ಮೇಲೂ ವಾಸನೆ ಉಳಿದಿದ್ದರೆ ಮಾತ್ರ ಬಳಸಬಹುದು. ಆಗಲೂ ಒಳಗೆ ಮನುಷ್ಯರು, ಸಾಕುಪ್ರಾಣಿ, ಗಿಡ ಇರಬಾರದು, ಆಮೇಲೆ ಚೆನ್ನಾಗಿ ಗಾಳಿ ಆಡಿಸಬೇಕು. ರಬ್ಬರ್ ವಸ್ತುಗಳು ಅದಕ್ಕೆ ಬಿರುಕು ಬಿಡುತ್ತವೆ.

ವೈರಿಂಗ್ ಯಾವ ಕ್ಲೀನಿಂಗ್ ಪ್ಯಾಕೇಜಿಗೂ ಸೇರಿದ್ದಲ್ಲ. ಶಾಖ ತಗುಲಿದ ಕೋಣೆಯ ವೈರು ಹೊಸದಾಗಲಿ. ಮಿಕ್ಕ ಸರ್ಕ್ಯೂಟುಗಳನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ 500 ವೋಲ್ಟಿನ ಮೆಗ್ಗರ್ (ವೈರಿನ ಇನ್ಸುಲೇಶನ್ ಅಳೆಯುವ ಮೀಟರ್) ಹಿಡಿದು ಪರೀಕ್ಷಿಸಲಿ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಮೇನ್ ಹಾಕಬಾರದು. ಹೊಸ ಬೋರ್ಡಿಗೆ ಕರೆಂಟು ಸೋರಿದರೆ ತಾನೇ ಕಡಿದುಹಾಕುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಸ್ವಿಚ್ಚು ಕೂರಿಸಿ.

ವಿಮೆ ಇದ್ದರೆ ಸರ್ವೇಯರ್ ನೋಡುವ ತನಕ ಒದ್ದೆ ಹಾಸಿಗೆಯನ್ನೂ ಬಿಸಾಡಬೇಡಿ, ಹೊರಗೆ ಟಾರ್ಪಾಲಿನ ಅಡಿ ಇಡಿ, ಫೋಟೋ ತೆಗೆದಿಡಿ. ಒಣಗಿಸುವುದನ್ನು ಮಾತ್ರ ಅವರಿಗಾಗಿ ಕಾಯಿಸಬೇಡಿ. ನಷ್ಟ ಹೆಚ್ಚದಂತೆ ತಡೆಯುವುದು ವಿಮೆ ಮಾಡಿಸಿದವರ ಹೊಣೆ, ಮೀಟರಿನ ದಿನವಹಿ ಪಟ್ಟಿ ಆ ಖರ್ಚಿಗೆ ದಾಖಲೆಯಾಗುತ್ತದೆ.